ಎಂಜಿನ್‌ಗೆ ಫ್ರಿಜ್ಜು: ಮಲೆನಾಡಿನ ಮಳೆಯಲ್ಲಿ ಯೆಜ್ಡಿ ಸ್ಪೇರ್ ಉಳಿಸಿಕೊಂಡ ನನ್ನ ಅನುಭವ

ಮೊದಲು ಫಲಿತಾಂಶ ಹೇಳಿಬಿಡ್ತೀನಿ. ಕೆಟ್ಟ ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಆರೇಳು ವರ್ಷ ಮುಟ್ಟದೆ ಇಟ್ಟಿದ್ದ ಒಂದು ಯೆಜ್ಡಿ ರೋಡ್‌ಕಿಂಗ್ ಬೈಕಿನ ಎಂಜಿನ್ನನ್ನು ಈ ಸಲದ ಆಶ್ಲೇಷ ಮಳೆ ನಡುವೆ ಹೊರಗೆ ತೆಗೆದೆ. ಕ್ರ್ಯಾಂಕಿನ (ಪಿಸ್ಟನ್ ಓಟಕ್ಕೆ ತಿರುಗೋ ದಂಡ) ಎರಡೂ ಬದಿಯ ರಬ್ಬರ್ ಸೀಲ್ ಮಾತ್ರ ಹೊಸದು ಹಾಕಿ, ಗ್ಯಾರೇಜಿನ ಮೂಲೆಯಲ್ಲಿರೋ ಹಳೇ ಫ್ರೇಮಿಗೆ ಕಟ್ಟಿದೆ. ನಾಲ್ಕೈದು ಕಿಕ್ಕಿಗೆ ಹತ್ತಿತು. ಶುರುವಿಗೆ ಅಕ್ಕಪಕ್ಕದ ಮನೆಯವರು ಕಿಟಕಿ ಮುಚ್ಚೋವಷ್ಟು ಹೊಗೆ. ಒಳಗಿನ ಎಣ್ಣೆ ಸುಟ್ಟು ಮುಗಿದ ಮೇಲೆ ಹೊಗೆ ತೆಳುವಾಗಿ, ಐಡ್ಲಿಂಗ್ ತಾನಾಗೇ ಕೂತಿತು. ಬೇರಿಂಗ್ ಗೊರಗೊರ ಇಲ್ಲ, ಪಿಸ್ಟನ್ ಕಟಕಟ ಇಲ್ಲ.

ಇದನ್ನ ಬರೆಯೋಕೆ ಕಾರಣ ನಮ್ಮ ಹಳೇ ಮೆಕ್ಯಾನಿಕ್. "ಎಂಜಿನ್ ಅಂದ್ರೆ ಓಡ್ಬೇಕು ಮಾರಾಯ್ರೆ, ಕೂತಿದ್ದು ಕೂತಲ್ಲೇ ಸಾಯ್ತದೆ. ಗುಜರಿಗೆ ಹಾಕಿ, ಜಾಗ ಆದ್ರೂ ಆಗ್ತದೆ" ಅಂತ ಎಷ್ಟೋ ವರ್ಷ ಹೇಳಿದ್ದರು. ಅವರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ತೀರ್ಥಹಳ್ಳಿ ಕಡೆ ಆರಿದ್ರಾ ಹಿಡಿದರೆ ಆಶ್ಲೇಷ ಮುಗಿಯೋವರೆಗೂ ಗೋಡೆ ಒಣಗಲ್ಲ. ಚಪ್ಪಲಿ, ಬೆಲ್ಟು, ಹೆಲ್ಮೆಟ್ಟಿನ ಒಳಗಿನ ಬಟ್ಟೆಗೆಲ್ಲ ಬೂಸಲು ಬರೋ ಊರಲ್ಲಿ ಕಬ್ಬಿಣದ ಪಾಡೇನು?

ಸ್ಪೇರ್ ಯಾಕೆ ಇಡಬೇಕು ಅಂತ ಗಾಡಿ ಇಟ್ಟುಕೊಂಡವರಿಗೆ ಹೇಳಬೇಕಿಲ್ಲ. ಯೆಜ್ಡಿ ಮಾಡ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಂಪನಿ ಬಾಗಿಲು ಹಾಕಿದ್ದು 1996ರಲ್ಲಿ. ಅದಾದ ಮೇಲೆ ನಾವೆಲ್ಲ ಓಡಿಸ್ತಾ ಇರೋದು ಒಬ್ಬರ ಗಾಡಿ ಬಿಚ್ಚಿ ಇನ್ನೊಬ್ಬರದಕ್ಕೆ ಹಾಕಿಕೊಂಡೇ. ನಾನು ಮೊದಲ ಸ್ಪೇರ್ ಎಂಜಿನ್ ತಂದಿದ್ದು 2009-10ರ ಸುಮಾರಿಗೆ, ಶಿವಮೊಗ್ಗದ ಒಂದು ಗುಜರಿಯಿಂದ. ಮೂರು ಸಾವಿರ ಚಿಲ್ಲರೆ ಕೊಟ್ಟ ನೆನಪು, ತೂಕಕ್ಕೆ ಹಾಕಿದ್ದರೆ ಅದಕ್ಕೂ ಕಮ್ಮಿ ಆಗ್ತಿತ್ತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಮತ್ತೆ ರಸ್ತೆಗೆ ಬಂದ ಮೇಲೆ ಹಳೇ ಸಾಮಾನು ಮಾರೋರ ಬಾಯಿ ದೊಡ್ಡದಾಯ್ತು. ಅದೇ ಸ್ಥಿತಿಯ ಎಂಜಿನ್‌ಗೆ ಈಗ ಇಪ್ಪತ್ತು, ಇಪ್ಪತ್ತೈದು ಸಾವಿರ ಅಂತಾರೆ. ಕಿಕ್ ಹೊಡೆದು ತೋರಿಸಿ ಅಂದರೆ ಮುಖ ತಿರುಗಿಸ್ತಾರೆ. ಸದ್ಯ ನನ್ನ ಹತ್ತಿರ ಮೂರು ಪೂರ್ತಿ ಎಂಜಿನ್, ಎರಡು ಖಾಲಿ ಕೇಸಿಂಗ್ (ಎಂಜಿನ್ನಿನ ಹೊರಕವಚ), ಮೂರ್ನಾಲ್ಕು ಗೇರ್ ಸೆಟ್ ಇದೆ. ಮಾರಾಟಕ್ಕಿಲ್ಲ, ಫೋನ್ ನಂಬರ್ ಹುಡುಕಬೇಡಿ.

ಆ ಮೊದಲ ಎಂಜಿನ್ ಗೋಣಿಚೀಲ ಸುತ್ತಿ ಮೆಟ್ಟಿಲ ಕೆಳಗೆ ಇದ್ದದ್ದು ಎರಡು ಮಳೆಗಾಲ. ಆಮೇಲೆ ಬಿಚ್ಚಿದಾಗ ಕಂಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗೇರ್ ಬದಿಯಲ್ಲಿ ಎಣ್ಣೆ ಎಲ್ಲಿವರೆಗೆ ಇತ್ತೋ ಅಲ್ಲಿವರೆಗೆ ಹಲ್ಲುಗಳು ಹೊಳೀತಿದ್ದವು, ಅದರ ಮೇಲೆ ಸ್ಕೇಲಿಟ್ಟು ಗೆರೆ ಎಳೆದಂತೆ ಕಂದು. ಒಂದೇ ಗೇರಿನ ಅರ್ಧ ಹಲ್ಲು ಚಿನ್ನ, ಅರ್ಧ ತುಕ್ಕು. ಕ್ರ್ಯಾಂಕ್ ಬದಿಯಂತೂ ಕೇಳೋದೇ ಬೇಡ. ಟೂ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್‌ಕೇಸಿನಲ್ಲಿ (ಕ್ರ್ಯಾಂಕ್ ಕೂರೋ ಗೂಡು) ನಿಂತ ಎಣ್ಣೆ ಅಂತ ಇರಲ್ಲ. ಪೆಟ್ರೋಲ್ ಜೊತೆ ಬಂದು ಅಂಟಿಕೊಂಡ ಪಸೆ ಎಷ್ಟಿದೆಯೋ ಅಷ್ಟೇ. ಕನೆಕ್ಟಿಂಗ್ ರಾಡಿನ ಕೆಳಗಿನ ರೋಲರ್‌ಗಳ ಮೇಲೆ ಸಣ್ಣ ಸಣ್ಣ ಗುಳಿ. ರಾಡ್ ಕಿಟ್, ಬೇರಿಂಗ್, ಕ್ರ್ಯಾಂಕ್ ಪ್ರೆಸ್ ಮಾಡಿಸಿ ಅಲೈನ್ ಮಾಡಿಸಿದ್ದು, ಸಿಲಿಂಡರ್ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್, ಎಲ್ಲ ಸೇರಿ ಎಂಜಿನ್ ತಂದ ದುಡ್ಡಿನ ಮೂರು ಪಟ್ಟು ಹೋಯ್ತು. ಗೋಣಿ ನೀರು ಹೀರಿಕೊಂಡು ಎಂಜಿನ್ ಮೈಗೆ ಒತ್ತಿ ಹಿಡಿಯುತ್ತೆ, ಬರೀ ನೆಲದ ಮೇಲೆ ಬಿಟ್ಟಿದ್ದರೇ ವಾಸಿ ಇತ್ತು.

ಮುಂದಿನದಕ್ಕೆ ಯಾರೋ ಹೇಳಿದರು ಅಂತ ಗಾಡಿಯಿಂದ ಇಳಿಸಿದ ಕಪ್ಪೆಣ್ಣೆ ಕ್ರ್ಯಾಂಕ್‌ಕೇಸಿಗೆ ತುಂಬಿಸಿದ್ದಾಯ್ತು. ಸುಟ್ಟ ಎಣ್ಣೆಯಲ್ಲಿ ಹುಳಿಯೂ ಇರುತ್ತೆ, ನೀರೂ ಇರುತ್ತೆ. ವರ್ಷ ಕಳೆಯೋದರೊಳಗೆ ಬೇರಿಂಗ್ ಗುಂಡುಗಳ ಮೇಲೆ ಕಪ್ಪು ಕಲೆ. ಪುಕ್ಕಟೆ ಸಿಗುತ್ತೆ ಅಂತ ಇವತ್ತಿಗೂ ಇದನ್ನೇ ಹೇಳಿಕೊಡೋರು ಇದ್ದಾರೆ. ಆಮೇಲೆ ದಪ್ಪ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿ ಬಿಗಿ ಮಾಡಿದ್ದೂ ಆಯ್ತು. ಒಳಗೆ ಸಿಕ್ಕಿಬಿದ್ದ ತೇವ ಹಗಲು ಆವಿ, ರಾತ್ರಿ ಹನಿ. ಮೂಗಿನ ತುದಿಯಲ್ಲಿ ಬೆವರು ನಿಂತ ಹಾಗೆ ಸಿಲಿಂಡರ್ ಸುತ್ತಲಿನ ಫಿನ್ ತುದಿಗಳಲ್ಲೆಲ್ಲ ನೀರು.

ಕುಂಬಾರ ಹುಳದ ಕತೆ ಬೇರೆ. ನಮ್ಮ ಎಂಜಿನ್‌ಗೆ ಸೈಲೆನ್ಸರ್ ಎರಡು, ಹೊಗೆ ಹೊರಬರೋ ಎಕ್ಸಾಸ್ಟ್ ಬಾಯಿಯೂ ಎರಡು, ಹುಳಕ್ಕೆ ಡಬಲ್ ಬೆಡ್‌ರೂಮ್. ಪಿಸ್ಟನ್ ಕೆಳಗಿದ್ದಾಗ ಎಕ್ಸಾಸ್ಟ್ ಬಾಯಿಂದ ನೇರ ಸಿಲಿಂಡರ್ ಒಳಗೆ ದಾರಿ. ಮಣ್ಣಿನ ಗೂಡು ಕಟ್ಟಿ, ಜೇಡಗಳನ್ನ ತುಂಬಿಟ್ಟು ಹೋಗಿತ್ತು. ಆ ಮಣ್ಣು ನುಣ್ಣಗೆ, ಗ್ರೈಂಡಿಂಗ್ ಪೇಸ್ಟಿಗಿಂತ ಕಡೆ ಏನಲ್ಲ. ಅದರ ಮೇಲೆ ಒಂದು ಕಿಕ್ ಹೊಡೆದಿದ್ದರೆ ಬೋರಿನ ಕತೆ ಮುಗೀತಿತ್ತು. ಅಂದಿನಿಂದ ಪಿಸ್ಟನ್ನನ್ನು ಮೇಲೂ ಅಲ್ಲ, ಕೆಳಗೂ ಅಲ್ಲ, ನಡುದಾರಿಯಲ್ಲಿ ನಿಲ್ಲಿಸ್ತೀನಿ. ಪೂರ್ತಿ ಮೇಲಿದ್ದರೆ ಪೆಟ್ರೋಲ್-ಗಾಳಿ ಒಳಬರೋ ಇನ್ಲೆಟ್ ತೆರೆದು ಕ್ರ್ಯಾಂಕ್ ಗಾಳಿಗೆ ಬೀಳುತ್ತೆ, ಪೂರ್ತಿ ಕೆಳಗಿದ್ದರೆ ಎಕ್ಸಾಸ್ಟ್ ತೆರೆದಿರುತ್ತೆ. ನಡುವೆ ಒಂದು ಜಾಗದಲ್ಲಿ ಎರಡೂ ಮುಚ್ಚಿರುತ್ತೆ. ಟಾರ್ಚ್ ಹಿಡಿದು ಹುಡುಕಿದರೆ ಸಿಗುತ್ತೆ. ಅದರ ಮೇಲೂ ಬಾಯಿಗಳಿಗೆಲ್ಲ ರಬ್ಬರ್ ಬಿರಡೆ.

ತಿಂಗಳಿಗೊಮ್ಮೆ ಕ್ರ್ಯಾಂಕ್ ತಿರುಗಿಸ್ತಾ ಇರಬೇಕು ಅನ್ನೋ ಶಾಸ್ತ್ರ ನಾನು ಬಿಟ್ಟಿದ್ದೀನಿ. ಇದಕ್ಕೇ ನನ್ನ ಮೇಲೆ ಹೆಚ್ಚು ಜಗಳ. ಟೂ ಸ್ಟ್ರೋಕಿನ ಕ್ರ್ಯಾಂಕ್‌ಕೇಸ್ ಅಂದರೇ ಪಂಪು. ತಿರುಗಿಸಿದಾಗಲೆಲ್ಲ ಹೊರಗಿನ ಒದ್ದೆ ಗಾಳಿ ಒಳಗೆ ಎಳೆದುಕೊಳ್ಳುತ್ತೆ, ಸಿಲಿಂಡರ್ ಗೋಡೆಗೆ ಅಂಟಿದ್ದ ಎಣ್ಣೆಯನ್ನ ಪಿಸ್ಟನ್ ರಿಂಗ್ ಕೆರೆದು ಹಾಕುತ್ತೆ. ಮಳೆಗಾಲದಲ್ಲಿ ತಿರುಗಿಸಿದವರ ಎಂಜಿನ್ನೂ ನೋಡಿದ್ದೀನಿ, ಮುಟ್ಟದೇ ಇಟ್ಟ ನನ್ನದೂ ನೋಡಿದ್ದೀನಿ.

ಈಗ ಫ್ರಿಜ್ಜಿನ ವಿಷಯ. ಕೆಟ್ಟ ಫ್ರಿಜ್ಜಿಗೆ ಬಾಗಿಲಲ್ಲಿ ರಬ್ಬರ್ ಬೀಡಿಂಗ್ ಇರುತ್ತೆ, ಗೋಡೆಯಲ್ಲಿ ಶಾಖ ತಡೆಯೋ ಫೋಮ್ ಇರುತ್ತೆ, ಗುಜರಿಯಲ್ಲಿ ಎಂಟುನೂರು, ಸಾವಿರಕ್ಕೆ ಸಿಗುತ್ತೆ. ಫ್ರಿಜ್ ರಿಪೇರಿಯವರನ್ನ ಕರೆಸಿ ಗ್ಯಾಸ್ ತೆಗೆಸಿ ಕಂಪ್ರೆಸರ್ ಬಿಚ್ಚಿಸಿದೆ. ಆ ಕಂಪ್ರೆಸರ್ ಮತ್ತು ತಾಮ್ರದ ಕೊಳವೆ ಮಾರಿದ ದುಡ್ಡಲ್ಲಿ ಫ್ರಿಜ್ಜಿನ ಅರ್ಧ ಬೆಲೆ ವಾಪಸ್. ಒಳಗಿನ ಐಸ್ ಪೆಟ್ಟಿಗೆ, ಬಾಗಿಲಿನ ಬಾಟ್ಲಿ ತಟ್ಟೆಗಳನ್ನೆಲ್ಲ ಕಿತ್ತು, ಬೆನ್ನ ಮೇಲೆ ಮಲಗಿಸಿ, ತಳಕ್ಕೆ ಅಡಿಕೆ ದಬ್ಬೆ ಅಡ್ಡ ಹಾಕಿದರೆ ಪೆಟ್ಟಿಗೆ ರೆಡಿ. 165 ಲೀಟರಿನ ಸಣ್ಣದರಲ್ಲಿ ಹೆಡ್, ಸಿಲಿಂಡರ್ ಬಿಚ್ಚದೆ ಎಂಜಿನ್ ಕೂರಲ್ಲ. ಹಳೇ ಕಾಲದ ದೊಡ್ಡದರಲ್ಲಿ ಎರಡು ಎಂಜಿನ್ ಆರಾಮಾಗಿ ಕೂರುತ್ತೆ. ಅಮ್ಮ ನೋಡಿ "ಹಾಲಿಡೋ ಫ್ರಿಜ್ಜು ಕೆಟ್ಟು ಕೂತಿದೆ, ಇವನ ಇಂಜಿನ್ನಿಗೆ ಬೇರೆ ಫ್ರಿಜ್ಜು" ಅಂದಳು. ಆ ಕೆಟ್ಟು ಕೂತಿದ್ದೇ ನನ್ನ ಎರಡನೇ ಪೆಟ್ಟಿಗೆ ಆಯ್ತು ಅನ್ನೋದು ಬೇರೆ ಮಾತು. ಮನೆಯಲ್ಲಿ ಮಕ್ಕಳಿದ್ದರೆ ಹೊರಗಿಂದ ಸರಪಳಿ, ಬೀಗ ಹಾಕದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬಾಗಿಲು ಮುಚ್ಚಿಕೊಂಡರೆ ಒಳಗೆ ಉಸಿರಿಗೆ ಗಾಳಿ ಇರಲ್ಲ.

ಒಳಗೆ ಒಂದು ಜೀರೋ ಬಲ್ಬ್. ಹೆಸರಿಗೆ ಜೀರೋ, ಎಳೆಯೋದು 15 ವ್ಯಾಟ್. ದಿನವಿಡೀ ಉರಿದರೂ ತಿಂಗಳಿಗೆ ಹನ್ನೊಂದು ಯೂನಿಟ್ ಒಳಗೆ. ತಂತಿ ಉರಿಯೋ ಹಳೇ ಬಲ್ಬೇ ಆಗಬೇಕು. ನನ್ನ ಮಾತು ಕೇಳಿ ಒಬ್ಬರು ಎಲ್‌ಇಡಿ ಹಾಕಿ "ನಿಮ್ಮ ಐಡಿಯಾ ಕೆಲಸ ಮಾಡ್ಲಿಲ್ಲ" ಅಂದರು. ಬೆಳಕು ಯಾರಿಗೆ ಬೇಕಿತ್ತು? ಮುನ್ನೂರು ರೂಪಾಯಿಯ ತೇವಾಂಶ ಮೀಟರ್ ಒಳಗೊಂದು, ಹೊರಗೊಂದು ಇಟ್ಟಿದ್ದೆ. ಜುಲೈಯಲ್ಲಿ ಹೊರಗೆ 24 ಡಿಗ್ರಿ, ತೇವಾಂಶ ತೊಂಬತ್ತರ ಮೇಲೆ. ಒಳಗೆ ಹತ್ತು ಡಿಗ್ರಿ ಹೆಚ್ಚು, ತೇವಾಂಶ ಐವತ್ತರ ಆಸುಪಾಸು. ಅರವತ್ತು ದಾಟದಿದ್ದರೆ ತುಕ್ಕು ಹಿಡಿಯೋದು ತುಂಬಾ ನಿಧಾನ. ಮರ ಬಿದ್ದು ಎರಡು ದಿನ ಕರೆಂಟ್ ಹೋದರೂ ಭಯ ಇಲ್ಲ, ಅಷ್ಟು ಲೋಹದ ಬಿಸಿ ಆರೋಕೆ ಹೊತ್ತು ಬೇಕು, ಜೊತೆಗೆ ತೇವ ಹೀರೋ ಸಿಲಿಕಾ ಜೆಲ್ ಹರಳು ಅರ್ಧ ಕೆಜಿ ಬಟ್ಟೆ ಚೀಲದಲ್ಲಿ. ಜೆಲ್ಲಿನ ನೀಲಿ ಬಣ್ಣ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಓವನ್ನಿನಲ್ಲಿ 120 ಡಿಗ್ರಿಗೆ ಒಣಗಿಸಿ ಮತ್ತೆ ಇಡೋದು. ದೀಪಾವಳಿ ಕಳೆದ ಮೇಲೆ ಬಲ್ಬ್ ಬಂದ್, ಬರೀ ಜೆಲ್ ಸಾಕು. ಇನ್ನೊಂದು ಮಾತು: ಪೆಟ್ರೋಲಿನ ಪಸೆ ಪೂರ್ತಿ ಆರದೆ ಎಂಜಿನ್ ಒಳಗೆ ಇಟ್ಟು ಬಲ್ಬ್ ಹಾಕಿದರೆ ಎಂಜಿನ್ ಜೊತೆ ಗ್ಯಾರೇಜೂ ಹೋಗುತ್ತೆ.

ಕ್ರ್ಯಾಂಕ್‌ಕೇಸಿಗೆ ನಾನು ಹಾಕೋದು ಹೊಸ ಎಣ್ಣೆಗಳದೇ ಒಂದು ಮಿಶ್ರಣ. ಅಳತೆ ಇಲ್ಲಿ ಬರೆಯಲ್ಲ, ಅಷ್ಟಾದರೂ ನನ್ನ ಹತ್ತಿರ ಇರಲಿ. ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲ್ ಜೊತೆ ಬೆರೆಸೋ ಟೂಟಿ (2T) ಎಣ್ಣೆ ಒಂದೇ ಹಾಕಿದರೂ ಮುಕ್ಕಾಲು ಪಾಲು ಫಲ ಸಿಗುತ್ತೆ. ಗೇರ್ ಬದಿಗೆ ಲೆವೆಲ್ ನೋಡದೆ ಕುತ್ತಿಗೆವರೆಗೆ ಗೇರ್ ಆಯಿಲ್ ತುಂಬಿಸಿ, ಎಂಜಿನ್ನಿಗೆ "ಎಣ್ಣೆ ಇಳಿಸಿ ಓಡಿಸು" ಅಂತ ರಟ್ಟಿನ ಚೀಟಿ. ತುಂಬಿಸಿದಾಗ ಶಾಫ್ಟ್ ಸೀಲಿಂದ ಜಿನುಗೇ ಜಿನುಗುತ್ತೆ, ಕೆಳಗೊಂದು ತಟ್ಟೆ ಇರಲಿ. ಕ್ಲಚ್ಚಿನ ಕಾರ್ಕ್ ಪ್ಲೇಟುಗಳು ಒಣಗಿದರೆ ಕಾರ್ಕ್ ಉದುರುತ್ತೆ, ಹಾಗಾಗಿ ಅವನ್ನ ಬಿಚ್ಚಿ ಎಣ್ಣೆ ತುಂಬಿದ ಡಬ್ಬಿಯಲ್ಲಿ ಬೇರೆ ಇಡ್ತೀನಿ. ಡೈನಮೋ, ಕಾಯಿಲ್, ವೈರು ಇಲಿಗೆ ಸಿಗದ ಹಾಗೆ ಸ್ಟೀಲ್ ಡಬ್ಬಿಯಲ್ಲಿ.

ನಡುವೆ ಕೆಲವು ಪ್ರಯೋಗ ನಡೆದವು. ಸಿಲಿಕಾ ಜೆಲ್ಲಿಗೆ ದುಡ್ಡು ಯಾಕೆ, ಸುಟ್ಟ ಸುಣ್ಣದ ಕಲ್ಲು ನೀರು ಹೀರುತ್ತಲ್ಲ ಅಂತ ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಹೀರಿತು, ಚೆನ್ನಾಗೇ ಹೀರಿತು. ಆದರೆ ಉಬ್ಬಿ ಪುಡಿಯಾಗಿ ಎಲ್ಲ ಕಡೆ ಹಾರಿ ಕೂತು, ಕಾರ್ಬ್ಯುರೇಟರಿನ ಅಲ್ಯೂಮಿನಿಯಂ ಮೈಯನ್ನೇ ತಿಂದು ಬಿಳಿ ಚುಕ್ಕೆ ಬಿಟ್ಟಿತು. ಕಬ್ಬಿಣಕ್ಕೆ ಸುಣ್ಣ ಮಿತ್ರ, ಅಲ್ಯೂಮಿನಿಯಂಗೆ ಶತ್ರು. ಹರಳೆಣ್ಣೆಯೂ ನೋಡಿದೆ, ಹಿಂದೆ ರೇಸ್ ಗಾಡಿಗಳಿಗೆ ಹಾಕ್ತಿದ್ದರಲ್ಲ. ಓಡೋ ಎಂಜಿನ್‌ಗೆ ಅದು ಸರಿ, ಕೂತ ಎಂಜಿನ್‌ಗೆ ಅಂಟು. ವರ್ಷ ದಾಟಿದ ಮೇಲೆ ರಿಂಗುಗಳು ಪಿಸ್ಟನ್ನಿಗೆ ಮೆತ್ತಿಕೊಂಡಿದ್ದವು. ಸೀಮೆಎಣ್ಣೆಯಲ್ಲಿ ನೆನೆಸಿ ನೆನೆಸಿ ಬಿಡಿಸಬೇಕಾಯ್ತು.

ನಮ್ಮ ಗಾಡಿಗಳಲ್ಲಿ ಎಂಜಿನ್, ಗೇರ್ ಬಾಕ್ಸ್ ಒಂದೇ ಕೇಸಿಂಗ್ ಆದ್ದರಿಂದ ಗೇರ್ ಬೇರೆ ಇಡೋರು ಕಮ್ಮಿ. ನಾನು ಇಡ್ತೀನಿ. ಅದಕ್ಕೆ ಕಾರಣ ಆರ್‌ಸಿ. ಎಂಜಿನ್ ನಂಬರ್ ಇರೋದು ಕೇಸಿಂಗ್ ಮೇಲೆ. ಇಡೀ ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲೂ ನಂಬರ್ ಬದಲಾಗಬೇಕು, ಗಾಡಿಯ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದೆ, ಆರ್‌ಟಿಒ ಮೆಟ್ಟಿಲು ತಪ್ಪಲ್ಲ. ಸ್ವಂತ ನಂಬರಿನ ಕೇಸಿಂಗ್ ಉಳಿಸಿಕೊಂಡು ಒಳಗಿನ ಕ್ರ್ಯಾಂಕ್, ಗೇರ್ ಮಾತ್ರ ಬದಲಿಸಿದರೆ ಆ ತಲೆನೋವಿಲ್ಲ. ಕೇಸಿಂಗಿನ ಎರಡು ಹೋಳು ಜೋಡಿಯಾಗಿ ಮಷಿನ್ ಆದವು, ಒಂದರ ಎಡ ಇನ್ನೊಂದರ ಬಲಕ್ಕೆ ಸೇರಿಸೋಕೆ ಹೋಗಬೇಡಿ. ಸ್ಪೇರ್ ತರುವಾಗ ಮಾರಿದವರಿಂದ ಚೀಟಿ, ಸಿಕ್ಕರೆ ಹಳೇ ಆರ್‌ಸಿಯ ಜೆರಾಕ್ಸ್ ತಗೊಳ್ಳಿ. ಕಳವಿನ ಎಂಜಿನ್ ಮನೆಯಲ್ಲಿ ಸಿಕ್ಕರೆ ಹವ್ಯಾಸ ಅಂದರೆ ಪೊಲೀಸರು ನಂಬಲ್ಲ.

ಬಿಡಿ ಗೇರುಗಳನ್ನ ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಬರಿಗೈಲಿ ಮುಟ್ಟದೆ ಎಣ್ಣೆ ಸವರಿ ತುಕ್ಕು ತಡೆಯೋ ವಿಸಿಐ (VCI) ಕಾಗದದಲ್ಲಿ ಸುತ್ತಿ ಜಿಪ್ ಚೀಲಕ್ಕೆ ಹಾಕ್ತೀನಿ. ಬೇರಿಂಗ್ ಅಂಗಡಿಯವರು ಸಾಮಾನು ಸುತ್ತಿಕೊಡೋ ಆ ಕಂದು ಕಾಗದವೇ, ಕೇಳಿದರೆ ಪುಕ್ಕಟೆ ಕೊಡ್ತಾರೆ. ಬೆರಳ ಗುರುತಿನ ತುಕ್ಕು ಯಾವತ್ತಾದರೂ ನೋಡಿದ್ದೀರಾ? ಹೆಬ್ಬೆಟ್ಟಿನ ಗೆರೆ ಗೆರೆಯೂ ಗೇರಿನ ಮೇಲೆ ಅಚ್ಚಾಗಿರುತ್ತೆ. ನ್ಯೂಸ್‌ಪೇಪರ್ ಸುತ್ತೋದು ಬಿಡಿ, ಅದು ಗೋಣಿಯ ತಮ್ಮ.

ಹೊರಗೆ ತೆಗೆದಾಗ ಸೀಲ್ ಬದಲಿಸದೆ ಕಿಕ್ ಹೊಡೆಯೋ ಆಸೆ ಎಲ್ಲರಿಗೂ ಬರುತ್ತೆ. ಕೂತ ಸೀಲಿನ ತುಟಿ ಗಟ್ಟಿಯಾಗಿರುತ್ತೆ, ಗಾಳಿ ಎಳೆಯುತ್ತೆ, ಪೆಟ್ರೋಲ್-ಗಾಳಿ ಮಿಕ್ಸ್‌ಚರ್ ತೆಳುವಾಗಿ ಪಿಸ್ಟನ್ ಬಿಸಿಗೆ ಸಿಲಿಂಡರಿನಲ್ಲಿ ಕಚ್ಚಿ ಹಿಡಿಯುತ್ತೆ. ಎರಡು ಸೀಲಿಗೆ ಇನ್ನೂರೋ ಮುನ್ನೂರೋ, ಪಿಸ್ಟನ್ ಹಿಡಿದರೆ ನಾಲ್ಕೈದು ಸಾವಿರ. ಸೀಲ್ ಹಾಕಿದ ಮೇಲೆ ಬಾಯಿಗಳನ್ನೆಲ್ಲ ಮುಚ್ಚಿ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಕೊಟ್ಟು ಸೋಪು ನೀರು ಹಚ್ಚಿ ಗುಳ್ಳೆ ನೋಡ್ತೀನಿ. ಡೈನಮೋ ಬದಿಯ ಸೀಲನ್ನ ತಿರುಚದೆ ಕೂರಿಸೋಕೆ ಒಂದು ಸಣ್ಣ ಉಪಾಯ ಇದೆ. ಮೆಕ್ಯಾನಿಕ್ಕರಿಗೇ ಇನ್ನೂ ಹೇಳಿಲ್ಲ.

ಅವರು ಬಂದು ಹಳೇ ಫ್ರೇಮಿನ ಮೇಲೆ ಎಂಜಿನ್ ಓಡೋದು ಕೇಳಿದರು. ಒಂದು ಬದಿ ಸೈಲೆನ್ಸರಿಗೆ ಅಂಗೈ ಇಟ್ಟು, ಇನ್ನೊಂದು ಬದಿಗೂ ಇಟ್ಟು ನೋಡಿ, "ಸೈಲೆನ್ಸರ್ ಇನ್ನೂ ಸ್ವಲ್ಪ ಕ್ಲೀನ್ ಆಗ್ಬೇಕು" ಅಂದರು, ಅಷ್ಟೇ. ಹೋಗುವಾಗ ಅವರ ಶೆಡ್ಡಲ್ಲಿರೋ ಜಾವಾ ಎಂಜಿನ್ನಿಗೆ ಒಂದು ಫ್ರಿಜ್ಜು ಎಲ್ಲಾದರೂ ಇದ್ದರೆ ಹೇಳಿ ಅಂದರು. ಇಬ್ಬರೂ ಹುಡುಕ್ತಾ ಇದ್ದೀವಿ. ಡಬಲ್ ಡೋರಿಂದು ಬೇಡ, ನಡುವಿನ ಅಡ್ಡಗೋಡೆ ಕತ್ತರಿಸಿದರೆ ಫೋಮ್ ಉದುರುತ್ತೆ.