ರಾಜ್ಯ ಸರ್ಕಾರ ಆ್ಯಪ್ ಬಂದ್ ಮಾಡಿದರೆ ಮೊದಲು ಆದೇಶದ ಪ್ರತಿ ಕೇಳಿ

"ಆ ಆ್ಯಪ್ ಬ್ಯಾನ್ ಮಾಡ್ತಾರಂತೆ" ಎಂದು ಗ್ರೂಪಿನಲ್ಲಿ ಫಾರ್ವರ್ಡ್ ಬಂದರೆ ಸಾಕು, ಗಾಬರಿ ಶುರು. ಡೊಂಬಿವಿಲಿಯಲ್ಲಿ ಚಕ್ಕುಲಿ, ಕೋಡುಬಳೆ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಆರ್ಡರ್ ತೆಗೆದುಕೊಳ್ಳುವ ಅಕ್ಕಂದಿರಿಗೆ ಅದು ಹೊಟ್ಟೆಪಾಡು. ವಾಸ್ಕೋದಿಂದ ಬಾಗಲಕೋಟೆಯ ಮಕ್ಕಳಿಗೆ ವಿಡಿಯೋ ಕಾಲ್ ಮಾಡುವವರಿಗೆ ಅದೇ ಮನೆ ದಾರಿ. ಅದಕ್ಕೇ ಹೇಳುತ್ತಿದ್ದೇನೆ, ವಕೀಲರ ಹತ್ತಿರ ಓಡುವ ಮೊದಲು ಮೂರು ವಿಷಯ ಹುಡುಕಿ. ಆದೇಶ ಎಲ್ಲಿದೆ? ಯಾವ ಸೆಕ್ಷನ್? ಯಾರ ಸಹಿ?

ಕೇಸು ನಿಲ್ಲುವುದು ಬೀಳುವುದು ಇಲ್ಲೇ. ಯಾಕೆಂದರೆ ಸಂಪರ್ಕ ವ್ಯವಸ್ಥೆ ಸಂವಿಧಾನದಲ್ಲಿ ಕೇಂದ್ರದ ಪಟ್ಟಿಯಲ್ಲಿದೆ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ ಸೆಕ್ಷನ್ 69ಎ ಪ್ರಕಾರ ಬ್ಲಾಕ್ ಮಾಡುವ ಅಧಿಕಾರವೂ ಕೇಂದ್ರದ್ದೇ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ಸೇರಿ 59 ಆ್ಯಪ್ ನಿಲ್ಲಿಸಿದ್ದು ಕೇಂದ್ರ. ರಾಜ್ಯದ ಕೈಯಲ್ಲಿರುವುದು ಪೊಲೀಸ್ ಮತ್ತು ಕಾನೂನು ಸುವ್ಯವಸ್ಥೆ, ಹಾಗಾಗಿ ಅದು ಬೇರೆ ದಾರಿ ಹಿಡಿಯುತ್ತದೆ.

ಒಂದು ದಾರಿ ಇಂಟರ್ನೆಟ್ಟನ್ನೇ ನಿಲ್ಲಿಸುವುದು. ಆ ಆದೇಶ 15 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. 2020ರ ಅನುರಾಧಾ ಭಸಿನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಇಂಥ ಆದೇಶ ಪ್ರಕಟಿಸಬೇಕು, ಕಾರಣ ಕೊಡಬೇಕು, ಅಗತ್ಯಕ್ಕಿಂತ ಹೆಚ್ಚು ಕತ್ತರಿಸಬಾರದು. ಆನ್‌ಲೈನಿನಲ್ಲಿ ಮಾತಾಡುವುದಕ್ಕೂ ವ್ಯಾಪಾರ ಮಾಡುವುದಕ್ಕೂ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ ಎಂದೂ ಹೇಳಿದೆ. ಅರ್ಜಿಯಲ್ಲಿ ಮೊದಲು ಹಿಡಿಯಬೇಕಾದ್ದು ಇದನ್ನೇ.

ಇನ್ನೊಂದು ದಾರಿ ಅದೇ ಐಟಿ ಕಾಯ್ದೆಯ 79(3)(ಬಿ) ನೋಟಿಸ್, ಅಂದರೆ ಕಾನೂನಿಗೆ ವಿರುದ್ಧವಾದ ಪೋಸ್ಟ್ ತೆಗೆಯಿರಿ ಎಂದು ಆ್ಯಪ್ ಕಂಪನಿಗೆ ಕಳಿಸುವ ನೋಟಿಸ್. ಇದರ ವಿರುದ್ಧ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ನಮ್ಮ ಕರ್ನಾಟಕ ಹೈಕೋರ್ಟಿಗೆ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಸೋತಿತು. ಆದರೆ ಆ ತೀರ್ಪು ಮಹಾರಾಷ್ಟ್ರ, ಗೋವಾದಲ್ಲಿರುವ ನಮ್ಮವರು ಹೋಗಬೇಕಾದ ಬಾಂಬೆ ಹೈಕೋರ್ಟನ್ನು ಕಟ್ಟಿಹಾಕುವುದಿಲ್ಲ, ಅದನ್ನು ನೋಡಿ ಸುಮ್ನೆ ಕೈಬಿಡಬೇಡಿ. 2025ರ ನವೆಂಬರ್ 15ರಿಂದ ನಿಯಮವೂ ಬಿಗಿಯಾಗಿದೆ. ಪೊಲೀಸರು ಕಳಿಸಿದರೆ ಕನಿಷ್ಠ ಡಿಐಜಿ ದರ್ಜೆಯವರ ಸಹಿ ಬೇಕು, ಯಾವ ಲಿಂಕ್ ಎಂದು ನಿರ್ದಿಷ್ಟವಾಗಿ ಬರೆದಿರಬೇಕು. ಒಂದು ಪೋಸ್ಟಿನ ನೆಪದಲ್ಲಿ ಇಡೀ ಆ್ಯಪ್ ಮುಚ್ಚಿಸುವುದಕ್ಕೆ ಈ ದಾರಿ ಇರುವುದೇ ಅಲ್ಲ, ಅಲ್ವಾ?

ಆದೇಶ ಸಿಗದಿದ್ದರೆ ಗೃಹ ಇಲಾಖೆಗೆ ಇಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಎರಡರಲ್ಲೂ ಪತ್ರ ಬರೆದು ಪ್ರತಿ ಕೇಳಿ. ಆರ್‌ಟಿಐ ಹಾಕಬಹುದು, ಆದರೆ ಉತ್ತರಕ್ಕೆ 30 ದಿನ ಕಾಯಬೇಕು. 15 ದಿನದ ಆದೇಶಕ್ಕೆ ಅದು ಪ್ರಯೋಜನಕ್ಕೆ ಬಾರದು. ನೇರವಾಗಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ (ಸರ್ಕಾರದ ಆದೇಶವನ್ನು ಪ್ರಶ್ನಿಸುವ ಅರ್ಜಿ) ಹಾಕಿ, ಆದೇಶವನ್ನು ಕೋರ್ಟಿನ ಮುಂದೆ ಇಡಿ ಎಂದೇ ಕೇಳುವುದು ಒಳ್ಳೆಯದು. ಜೊತೆಗೆ ಮಧ್ಯಂತರ ತಡೆಯಾಜ್ಞೆಯನ್ನೂ ಕೇಳಿ, ಜಾರಿಯ ದಿನದವರೆಗೆ ಕಾಯಬೇಡಿ. ಅಮೆರಿಕದ ಮೊಂಟಾನಾ ರಾಜ್ಯದ ಟಿಕ್‌ಟಾಕ್ ನಿಷೇಧ 2024ರ ಜನವರಿ 1ಕ್ಕೆ ಜಾರಿಯಾಗಬೇಕಿತ್ತು. ಜನ ಮೊದಲೇ ಕೋರ್ಟಿಗೆ ಹೋಗಿದ್ದರಿಂದ 2023ರ ನವೆಂಬರ್ 30ಕ್ಕೇ ತಡೆ ಸಿಕ್ಕಿತು.

ನಷ್ಟದ ಲೆಕ್ಕ ಇಡಿ. ನಿಂತುಹೋದ ಆರ್ಡರ್, ಗಿರಾಕಿಗಳ ಮೆಸೇಜ್, ಬ್ಯಾಂಕ್ ಸ್ಟೇಟ್‌ಮೆಂಟ್, ಆ್ಯಪ್ ತೆರೆಯದಿರುವ ಸ್ಕ್ರೀನ್‌ಶಾಟ್, ಎಲ್ಲಕ್ಕೂ ದಿನಾಂಕ ಕಾಣಬೇಕು. ಫೋನ್ ಬದಲಿಸಬೇಡಿ. ಸ್ಕ್ರೀನ್‌ಶಾಟನ್ನು ಸಾಕ್ಷಿಯಾಗಿ ಕೊಡುವಾಗ ಹೊಸ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 63ರ ಪ್ರಮಾಣಪತ್ರ ಬೇಕಾಗುತ್ತದೆ.

ಮುಂಬೈ, ಪುಣೆಯವರು ಹೋಗಬೇಕಾದ್ದು ಬಾಂಬೆ ಹೈಕೋರ್ಟಿನ ಮುಂಬೈಯ ಮುಖ್ಯ ಪೀಠಕ್ಕೆ. ಗೋವಾದವರಿಗೆ ಪೊರ್ವೊರಿಮ್‌ನ ಪೀಠ. ಸೊಲ್ಲಾಪುರ, ಸಾಂಗ್ಲಿ ಕಡೆಯ ನಮ್ಮವರಿಗೆ 2025ರ ಆಗಸ್ಟ್‌ನಿಂದ ಕೊಲ್ಹಾಪುರದಲ್ಲೇ ಸರ್ಕಿಟ್ ಬೆಂಚ್ ಇದೆ.

ಖರ್ಚಿನ ಚಿಂತೆಯೇ? ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿಯವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಸಂಘದವರು ಒಟ್ಟಾಗಿ ಒಂದೇ ಅರ್ಜಿ ಹಾಕುವ ಯೋಚನೆ ಇದ್ದರೆ ಅದನ್ನೂ ಅಲ್ಲೇ ಕೇಳಿ.