ಜೆನೆಟಿಕ್ ಕೌನ್ಸೆಲರ್ ಆಗಬೇಕೆ? ಮೊದಲು ನಿಮ್ಮ ಮನೆಯ ವಂಶವೃಕ್ಷ ಬಿಡಿಸಿ

‘ಇದು ಯಾರ ಕಡೆಯಿಂದ ಬಂತು ಮೇಡಂ?’

ಮಗುವಿನ ಜೀನ್ ಪರೀಕ್ಷೆಯ ವರದಿ ಕೈಗೆ ಬಂದ ದಿನ ಮನೆಯವರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ. ಕೇಳುವವರು ಅತ್ತೆ. ಸೊಸೆ ಪಕ್ಕದ ಕುರ್ಚಿಯಲ್ಲಿ ಸೆರಗಿನ ತುದಿ ಸುತ್ತುತ್ತ ಕೂತಿರುತ್ತಾಳೆ. ಉತ್ತರ ವರದಿಯಲ್ಲೇ ಇದೆ. ಅದನ್ನು ಸುಳ್ಳಾಗದಂತೆ, ಯಾರೊಬ್ಬರ ತಲೆಗೂ ಕಟ್ಟದಂತೆ, ಇಬ್ಬರಿಗೂ ಅರ್ಥವಾಗುವ ಕನ್ನಡದಲ್ಲಿ ಹೇಳುವುದು ಜೆನೆಟಿಕ್ ಕೌನ್ಸೆಲರ್ ಕೆಲಸ. ಅವರು ಡಾಕ್ಟರಲ್ಲ, ಲ್ಯಾಬಿನವರೂ ಅಲ್ಲ. ಆ ಇಬ್ಬರಿಗೂ ಕುಟುಂಬಕ್ಕೂ ನಡುವೆ ಕೂರುವವರು.

ಈ ಕೆಲಸಕ್ಕೆ ‘ಜೆನೆಟಿಕ್ ಕೌನ್ಸೆಲಿಂಗ್’ ಎಂದು 1947ರಲ್ಲಿ ಹೆಸರಿಟ್ಟವರು ಅಮೆರಿಕದ ಶೆಲ್ಡನ್ ರೀಡ್. ಇದಕ್ಕೆಂದೇ ಮೊದಲ ಸ್ನಾತಕೋತ್ತರ ಕೋರ್ಸ್ ಶುರುವಾದದ್ದು 1969ರಲ್ಲಿ, ನ್ಯೂಯಾರ್ಕ್ ರಾಜ್ಯದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ. ನಮ್ಮಲ್ಲಿ ಈ ವೃತ್ತಿಗಿನ್ನೂ ಹಾಲುಹಲ್ಲು. ಕೌನ್ಸೆಲಿಂಗ್ ಎಂದರೆ ಸಿಇಟಿ ಸೀಟು ಹಂಚುವುದು ಎಂದುಕೊಂಡ ನೆಂಟರು ನನಗೂ ಇದ್ದಾರೆ.

ಹೆಜ್ಜೆ 1: ಅರ್ಜಿ ಹಾಕುವ ಮುಂಚೆ

ಜೀವವಿಜ್ಞಾನದ ಯಾವುದಾದರೂ ವಿಷಯದಲ್ಲಿ ಬಿ.ಎಸ್ಸಿ. ಮಾಡಿದವರು ಈ ದಾರಿಗೆ ಬರುವುದು ಹೆಚ್ಚು. ಎಂಬಿಬಿಎಸ್, ಬಿಡಿಎಸ್, ನರ್ಸಿಂಗ್ ಮುಗಿಸಿ ಬರುವವರೂ ಇದ್ದಾರೆ. ಯಾವ ಡಿಗ್ರಿಗೆ ಎಷ್ಟು ಅಂಕ ಎಂಬುದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆಯಾಗುತ್ತದೆ, ಆಯಾ ವರ್ಷದ ಪ್ರಕಟಣೆ ನೋಡಿಕೊಳ್ಳಿ.

ಅಂಕಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಒಂದು ಭಾನುವಾರ ಅಜ್ಜಿಯ ಪಕ್ಕ ಕೂತು ನಿಮ್ಮದೇ ಕುಟುಂಬದ ಮೂರು ತಲೆಮಾರನ್ನು ಒಂದು ಹಾಳೆಯ ಮೇಲೆ ಬಿಡಿಸಿ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮದುವೆಗೆ ಅಡ್ಡಗೆರೆ, ಸಂಬಂಧದೊಳಗಿನ ಮದುವೆಯಾದರೆ ಎರಡು ಅಡ್ಡಗೆರೆ. ತೀರಿಕೊಂಡವರ ಮೇಲೊಂದು ಓರೆಗೆರೆ. ಯಾರು ಯಾವ ವಯಸ್ಸಿನಲ್ಲಿ ಏನಾಗಿ ಹೋದರು ಎಂದು ಕೇಳುತ್ತಾ ಹೋಗಿ. ಅರ್ಧ ಗಂಟೆಯಲ್ಲಿ ಅಜ್ಜಿ ‘ಅದೆಲ್ಲ ಈಗ್ಯಾಕೆ ಬಿಡು’ ಎನ್ನುವ ಜಾಗ ಒಂದು ಬರುತ್ತದೆ. ಅಲ್ಲಿ ನಿಮಗೆ ಮುಜುಗರವಾಯಿತೆ, ಇನ್ನೂ ಕೇಳಬೇಕೆನಿಸಿತೆ, ಅಥವಾ ಸುಮ್ಮನೆ ಅವರ ಕೈ ಹಿಡಿದು ಕೂತಿರಬೇಕೆನಿಸಿತೆ? ಎರಡು ವರ್ಷ ನೀವು ಕಲಿಯಬೇಕಾದದ್ದು ಆ ಗಳಿಗೆಯನ್ನೇ. ಸಾಧ್ಯವಾದರೆ ಕೆಲವು ತಿಂಗಳು ವಿಶೇಷ ಮಕ್ಕಳ ಶಾಲೆಯಲ್ಲೋ ಥಲಸೇಮಿಯಾ ಮಕ್ಕಳಿಗೆ ರಕ್ತ ಕೊಡುವ ಕೇಂದ್ರದಲ್ಲೋ ಸ್ವಯಂಸೇವಕರಾಗಿ ದುಡಿಯಿರಿ. ಸಂದರ್ಶನದಲ್ಲಿ ಇದಕ್ಕೆ ಬೆಲೆಯಿದೆ.

ಹೆಜ್ಜೆ 2: ಕೋರ್ಸ್ ಆರಿಸುವಾಗ ಹೆಸರಿಗೆ ಮರುಳಾಗಬೇಡಿ

ಎಂ.ಎಸ್ಸಿ. ಹ್ಯೂಮನ್ ಜೆನೆಟಿಕ್ಸ್ ಬೇರೆ, ಎಂ.ಎಸ್ಸಿ. ಜೆನೆಟಿಕ್ ಕೌನ್ಸೆಲಿಂಗ್ ಬೇರೆ. ಮೊದಲನೆಯದು ಹೆಚ್ಚಾಗಿ ಲ್ಯಾಬಿನಲ್ಲಿ ಪಿಪೆಟ್ ಹಿಡಿಸುತ್ತದೆ, ಎರಡನೆಯದು ಕುಟುಂಬದ ಎದುರಿನ ಕುರ್ಚಿಯಲ್ಲಿ ಕೂರಿಸುತ್ತದೆ. ನಮ್ಮ ರಾಜ್ಯದಲ್ಲಿ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗದಲ್ಲಿ ಕೌನ್ಸೆಲಿಂಗ್ ಹೆಸರಿನದೇ ಎರಡು ವರ್ಷದ ಎಂ.ಎಸ್ಸಿ. ಇದೆ. ಹ್ಯೂಮನ್ ಜೆನೆಟಿಕ್ಸ್ ಓದಿ, ಆಮೇಲೆ ಆಸ್ಪತ್ರೆಯೊಂದರಲ್ಲಿ ತರಬೇತಿ ಪಡೆದು ಕೌನ್ಸೆಲರ್ ಆದವರೂ ಬೇಕಾದಷ್ಟು ಜನ. ಆ ದಾರಿ ಸುತ್ತು, ಆದರೆ ಮುಚ್ಚಿಲ್ಲ.

ಯಾವುದೇ ವಿಭಾಗಕ್ಕೆ ಫೀಸು ಕಟ್ಟುವ ಮುಂಚೆ ಅಲ್ಲಿನ ಹಿರಿಯ ವಿದ್ಯಾರ್ಥಿಯೊಬ್ಬರಿಗೆ ಫೋನ್ ಮಾಡಿ ಕೇಳಿ: ಕುಟುಂಬದ ಎದುರು ನೀವೇ ಕೂತು ಮಾತಾಡಿದ್ದು ಎಷ್ಟು ಸಲ? ಗರ್ಭಿಣಿಯರ, ಮಕ್ಕಳ, ಕ್ಯಾನ್ಸರ್‌ನ ಕ್ಲಿನಿಕ್ ಮೂರಕ್ಕೂ ಕಳಿಸುತ್ತಾರಾ? ಮೆಡಿಕಲ್ ಜೆನೆಟಿಕ್ಸ್‌ನಲ್ಲಿ ಡಿ.ಎಂ. (ಎಂ.ಡಿ. ಆದಮೇಲಿನ ಉನ್ನತ ಪದವಿ) ಮಾಡಿದ ವೈದ್ಯರು ಇದ್ದಾರಾ? ಹೋಲಿಕೆಗೆ ಹೇಳುವುದಾದರೆ, ಅಮೆರಿಕದ ಮಾನ್ಯತೆ ಪಡೆದ ಕೋರ್ಸುಗಳಲ್ಲಿ ವಿದ್ಯಾರ್ಥಿ ತಾನೇ ಪಾಲ್ಗೊಂಡ ಕನಿಷ್ಠ 50 ಕೇಸುಗಳನ್ನು ಲಾಗ್‌ಬುಕ್‌ನಲ್ಲಿ ತೋರಿಸಬೇಕು. ‘ನೋಡಿದ್ದೇವೆ, ಹಿಂದೆ ನಿಂತುಕೊಂಡು’ ಎಂಬ ಉತ್ತರ ಬಂದರೆ ಇನ್ನೊಂದು ಕಾಲೇಜು ನೋಡಿ.

ಹೆಜ್ಜೆ 3: ಕುಟುಂಬದ ಚಾರ್ಟ್, ಕನ್ನಡದಲ್ಲಿ

ಪಾಠವೆಲ್ಲ ಇಂಗ್ಲಿಷಿನಲ್ಲಿ, ಬರುವ ಕುಟುಂಬ ಕನ್ನಡದಲ್ಲಿ. ಈ ಕೋರ್ಸಿನ ನಿಜವಾದ ಕಷ್ಟ ಇದು, ಪಠ್ಯಕ್ರಮದಲ್ಲಿ ಇದಕ್ಕೆ ಒಂದು ಅಂಕವೂ ಇಲ್ಲ.

ನಾನು ಕಲಿಯುತ್ತಿದ್ದಾಗ ಮಾಡಿದ ಎಡವಟ್ಟು ಹೇಳುತ್ತೇನೆ. ಸ್ನಾಯು ಸೊರಗುವ ಕಾಯಿಲೆಯ ಹುಡುಗನ ತಾಯಿ ‘ನಮ್ಮಣ್ಣನಿಗೂ ಹಿಂಗೇ ಇತ್ತು, ಹದಿನೆಂಟಕ್ಕೆ ಹೋಗ್ಬಿಟ್ಟ’ ಎಂದರು. ನಾನು ಆಕೆಯ ಪಕ್ಕ ಒಂದು ಚೌಕ ಎಳೆದು, ಕಾಯಿಲೆಯ ಗುರುತಿಗೆ ಕಪ್ಪು ತುಂಬಿ, ಓರೆಗೆರೆ ಹಾಕಿದೆ. ಹಾಗಾದರೆ ಜೀನಿನ ದೋಷ ಆಕೆಯ ತಾಯಿಯಿಂದಲೇ ಇಳಿದುಬಂದಿದೆ ಎಂದು ಲೆಕ್ಕವನ್ನೂ ಮಾಡಿದೆ. ನಮ್ಮ ಮೇಡಂ ಚಾರ್ಟ್ ನೋಡಿ ಆಕೆಯನ್ನು ಒಂದೇ ಪ್ರಶ್ನೆ ಕೇಳಿದರು: ‘ಒಡಹುಟ್ಟಿದವರಾ, ದೊಡ್ಡಪ್ಪನ ಮಗನಾ?’ ದೊಡ್ಡಪ್ಪನ ಮಗ. ಈ ಕಾಯಿಲೆ ಹಾದುಬರುವುದು ತಾಯಿಯ ಎಕ್ಸ್ ಕ್ರೋಮೋಸೋಮಿನ ಮೂಲಕ. ದೊಡ್ಡಪ್ಪನ ಮಗನಿಗೆ ಅದು ಬಂದದ್ದು ದೊಡ್ಡಮ್ಮನಿಂದ, ಆಕೆ ಬೇರೆ ಮನೆಯಿಂದ ಬಂದವರು. ನನ್ನ ಲೆಕ್ಕ ಪೂರ್ತಿ ಬಿದ್ದುಹೋಯಿತು. ಇಂಗ್ಲಿಷಿನ ‘ಕಸಿನ್’ ನಮ್ಮ ಮನೆಗಳಲ್ಲಿ ಅಣ್ಣ, ತಂಗಿ, ಭಾವ, ನಾದಿನಿ ಎಲ್ಲವೂ ಆಗಿಬಿಡುತ್ತಾನೆ. ನಮ್ಮ ಸಂಬಂಧವಾಚಕಗಳು ಮದುವೆಗೆ ಯಾರು ಆಗುತ್ತಾರೆ, ಯಾರು ಆಗುವುದಿಲ್ಲ ಎಂದು ಹೇಳುತ್ತವೆ, ಯಾರ ಹೊಟ್ಟೆಯಲ್ಲಿ ಹುಟ್ಟಿದರು ಎಂದಲ್ಲ.

ಇಂಥ ಪ್ರಶ್ನೆಗಳ ಒಂದು ಗಂಟನ್ನೇ ನೀವು ಕಟ್ಟಿಕೊಳ್ಳಬೇಕಾಗುತ್ತದೆ. ‘ಸಂಬಂಧದಲ್ಲೇ ಮದುವೆಯಾ?’ ಎಂದರೆ ಎಷ್ಟೋ ಜನ ‘ಇಲ್ಲ, ಹೊರಗಿನವರು’ ಎನ್ನುತ್ತಾರೆ. ‘ಮದುವೆಗೆ ಮುಂಚೆ ಅವರನ್ನು ಏನಂತ ಕರೀತಿದ್ರಿ?’ ಎಂದು ಕೇಳಿ. ‘ಮಾವ ಅಂತಿದ್ದೆ’ ಎಂದು ನಗುತ್ತಾರೆ, ನೀವು ಎರಡನೇ ಅಡ್ಡಗೆರೆ ಎಳೆಯುತ್ತೀರಿ. ‘ಎಷ್ಟು ಮಕ್ಕಳು?’ ಎಂದರೆ ಬದುಕಿರುವವರನ್ನಷ್ಟೇ ಎಣಿಸುತ್ತಾರೆ. ‘ಎಷ್ಟು ಸಲ ನಿಂತಿತ್ತು?’ ಎಂದರೆ ಹೋದದ್ದೂ ಲೆಕ್ಕಕ್ಕೆ ಬರುತ್ತದೆ.

ಅಕ್ಕನ ಮಗಳನ್ನು ಮದುವೆಯಾಗುವ ರೂಢಿಯ ನಾಡು ನಮ್ಮದು. ಸೋದರಮಾವ ಮತ್ತು ಸೊಸೆಯ ಜೀನುಗಳಲ್ಲಿ ಕಾಲು ಭಾಗ ಒಂದೇ ಮೂಲದ್ದು, ಅತ್ತೆ–ಮಾವನ ಮಕ್ಕಳ ನಡುವೆ ಎಂಟರಲ್ಲಿ ಒಂದು ಭಾಗ. ಯಾವುದೇ ದಂಪತಿಗೆ ಹುಟ್ಟುವ ಮಗುವಿಗೆ ಗಂಭೀರ ಜನ್ಮದೋಷದ ಸಾಧ್ಯತೆ ಶೇ 2–3ರಷ್ಟು ಇದ್ದೇ ಇರುತ್ತದೆ. ಅತ್ತೆ–ಮಾವನ ಮಕ್ಕಳು ಮದುವೆಯಾದರೆ ಅದರ ಮೇಲೆ ಇನ್ನು ಸುಮಾರು ಅಷ್ಟೇ ಸೇರುತ್ತದೆ. ‘ಸಂಬಂಧದಲ್ಲಿ ಆದದ್ದಕ್ಕೇ ಹೀಗಾಯ್ತು’ ಎಂದು ಬೈಸಿಕೊಂಡು ಬಂದ ದಂಪತಿಗೆ ಈ ಅಂಕಿಯನ್ನು ಹೇಗೆ ಹೇಳುತ್ತೀರಿ ಎಂಬುದು ಪರೀಕ್ಷೆಯಲ್ಲೂ ಬರುವ ಪ್ರಶ್ನೆ.

ಸಾಗರ ತಾಲೂಕಿನ ಹಂದಿಗೋಡಿನ ಕತೆಯನ್ನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಬಡ ಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿ ನೋವು ಶುರುವಾಗಿ ನಡಿಗೆಯೇ ಕುಂಟುವ ಕಾಯಿಲೆ ಕಂಡುಬಂತು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಗುಮಾನಿ ಎದ್ದಿತು. ಮನೆಮನೆಯ ವಂಶಾವಳಿ ಬಿಡಿಸಿದ ಮೇಲೆ ಕಂಡದ್ದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮೂಳೆಯ ಕಾಯಿಲೆ. ತಂದೆ–ತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ಹೆಜ್ಜೆ 4: ನಾಲ್ಕರಲ್ಲಿ ಒಂದು ಎಂದರೆ ಏನು?

ತಂದೆ, ತಾಯಿ ಇಬ್ಬರೂ ವಾಹಕರಾದರೆ, ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ದೋಷದ ಜೀನಿನ ಒಂದು ಪ್ರತಿ ಇಬ್ಬರಲ್ಲೂ ಇದ್ದರೆ (ಕ್ಲಿನಿಕ್ಕಿನಲ್ಲಿ ಎಲ್ಲರೂ ಹೇಳುವುದು ‘ಕ್ಯಾರಿಯರ್’ ಎಂದೇ) ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಥಲಸೇಮಿಯಾ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗಳು ಎರಡೂ ಹೀಗೆಯೇ. ಹೊಸ ವಿದ್ಯಾರ್ಥಿ ‘25 ಪರ್ಸೆಂಟ್ ರಿಸ್ಕ್’ ಎಂದು ಹೇಳಿ ಮುಗಿಸುತ್ತಾನೆ. ಮನೆಯವರು ಹೊರಗೆ ಹೋಗಿ ಮಾತಾಡಿಕೊಳ್ಳುವುದು: ‘ಮೊದಲನೇದಕ್ಕೆ ಬಂದಾಯ್ತಲ್ಲ, ಇನ್ನು ಮೂರಕ್ಕೆ ಭಯವಿಲ್ಲ.’

ಇಲ್ಲಿ ಮೇಜಿನ ಮೇಲೆ ಎರಡು ನಾಣ್ಯ ಇಡಬೇಕು, ಒಂದು ಅಪ್ಪನದು, ಒಂದು ಅಮ್ಮನದು. ಎರಡೂ ಹಿಮ್ಮುಖ ಬಿದ್ದರೆ ಮಗುವಿಗೆ ಕಾಯಿಲೆ. ಅವರ ಕೈಯಲ್ಲೇ ಎಸೆಸಿ, ಎತ್ತಿ ಮತ್ತೆ ಎಸೆಸಿ. ಅಜ್ಜಿ ಬಂದಿದ್ದರೆ ಚೌಕಾಬಾರದ ಕವಡೆ ನೆನಪಿಸಿ. ಕವಡೆ ನಾಣ್ಯದಷ್ಟು ಸರಿಸಮ ಬೀಳುವುದಿಲ್ಲ, ಲೆಕ್ಕಕ್ಕೆ ನಾಣ್ಯವೇ ವಾಸಿ. ಆದರೆ ಹೋದ ಸಲ ಏನು ಬಿತ್ತೆಂದು ಕವಡೆ ನೆನಪಿಟ್ಟುಕೊಳ್ಳುವುದಿಲ್ಲ ಎಂಬುದು ಆಡಿದವರಿಗೆ ಹೇಳದೆಯೇ ಗೊತ್ತು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಸಿಕಲ್ ಸೆಲ್ ಕಾಯಿಲೆ ಇರುವುದನ್ನು ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬಹಳ ಹಿಂದೆಯೇ ಗುರುತಿಸಿತ್ತು. 2023ರಲ್ಲಿ ಶುರುವಾದ ರಾಷ್ಟ್ರೀಯ ಮಿಷನ್ 7 ಕೋಟಿ ಜನರನ್ನು ತಪಾಸಣೆ ಮಾಡುವ ಗುರಿ ಇಟ್ಟುಕೊಂಡಿದೆ. ತಪಾಸಣೆ ಸುಲಭ, ಒಂದು ತೊಟ್ಟು ರಕ್ತ ಸಾಕು. ‘ನೀನು ಕ್ಯಾರಿಯರ್, ಆದರೆ ರೋಗಿಯಲ್ಲ’ ಎಂದು ಮದುವೆಗೆ ನಿಂತ ಹುಡುಗಿಗೆ ಹೇಳಲು ಮಾತ್ರ ಜನ ಬೇಕು.

ಹೆಜ್ಜೆ 5: ಕಾನೂನು ಬಾಯಿಪಾಠವಾಗಿರಲಿ

ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಜೆನೆಟಿಕ್ ಕೌನ್ಸೆಲಿಂಗ್ ಕೇಂದ್ರವೂ ನೋಂದಣಿಯಾಗಲೇಬೇಕು. ಭ್ರೂಣದ ಲಿಂಗವನ್ನು ಮಾತಿನಲ್ಲಾಗಲಿ, ಸನ್ನೆಯಲ್ಲಾಗಲಿ ಹೇಳುವಂತಿಲ್ಲ. ಚಾರ್ಟಿನಲ್ಲಿ ಹೊಟ್ಟೆಯಲ್ಲಿರುವ ಮಗುವಿಗೆ ಚೌಕವೂ ಇಲ್ಲ, ವೃತ್ತವೂ ಇಲ್ಲ. ವಜ್ರಾಕೃತಿ, ಒಳಗೊಂದು ‘ಪಿ’. ನಮ್ಮಲ್ಲಿ ಅದು ಹೆರಿಗೆಯಾಗುವವರೆಗೂ ವಜ್ರವಾಗಿಯೇ ಇರಬೇಕು.

ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಪ್ರಕಾರ, ಭ್ರೂಣದಲ್ಲಿ ಗಂಭೀರ ದೋಷವಿದ್ದರೆ 24 ವಾರ ದಾಟಿದ ಮೇಲೂ ವೈದ್ಯಕೀಯ ಮಂಡಳಿಯ ಒಪ್ಪಿಗೆಯಿಂದ ಗರ್ಭಪಾತಕ್ಕೆ ಅವಕಾಶವಿದೆ. ಆ ಗಡಿ ದಾಟಿದರೆ ಮಂಡಳಿಯ ಮುಂದೆ ಹೋಗಬೇಕು, ಹಾಗಾಗಿ ವಾರಗಳ ಲೆಕ್ಕ ಬಿಗಿಯಾಗಿರಲಿ. ಗರ್ಭಚೀಲದ ನೀರು ತೆಗೆದು ಮಾಡುವ ಪರೀಕ್ಷೆ ಸಾಮಾನ್ಯವಾಗಿ 16ನೇ ವಾರದ ಸುಮಾರಿಗೆ, ವರದಿಗೆ ಮತ್ತೆ ಕೆಲವು ವಾರ.

ಪುಸ್ತಕ ಕಲಿಸುವ ಇನ್ನೊಂದು ನಿಯಮ: ತೀರ್ಮಾನ ಕುಟುಂಬದ್ದು, ಕೌನ್ಸೆಲರ್ ದಾರಿ ತೋರಿಸಬಾರದು. ತಳಿ ಸುಧಾರಣೆಯ ಹೆಸರಿನಲ್ಲಿ ಯಾರು ಹೆರಬೇಕು, ಯಾರು ಹೆರಬಾರದು ಎಂದು ಸರ್ಕಾರಗಳೇ ತೀರ್ಮಾನಿಸಿದ ಕಹಿ ಇತಿಹಾಸದ ಮೇಲೆ ಹುಟ್ಟಿದ ನಿಯಮ ಇದು, ನಾನು ಗೌರವಿಸುತ್ತೇನೆ. ಆದರೆ ‘ನಿಮ್ಮ ಮಗಳಾಗಿದ್ದರೆ ಏನು ಮಾಡ್ತಿದ್ರಿ ಮೇಡಂ?’ ಎಂದು ತಾಯಿಯೊಬ್ಬಳು ಕೇಳಿದಾಗ ‘ಅದು ನಿಮ್ಮ ನಿರ್ಧಾರ’ ಎಂದು ಬಾಯಿ ಮುಚ್ಚಿಕೊಂಡರೆ ನಮ್ಮೂರುಗಳಲ್ಲಿ ಅದು ಕೈಬಿಟ್ಟಂತೆ ಕೇಳುತ್ತದೆ. ನಾನು ಉತ್ತರ ಕೊಡುವುದಿಲ್ಲ, ಎದ್ದು ಹೋಗುವುದೂ ಇಲ್ಲ. ‘ನಿಮಗೆ ಯಾವುದರ ಭಯ ಜಾಸ್ತಿ?’ ಎಂದು ಕೇಳುತ್ತೇನೆ. ಅಲ್ಲಿಂದ ಇನ್ನೊಂದು ಗಂಟೆ ಬೇಕಾಗಬಹುದು.

ಹೆಜ್ಜೆ 6: ‘ಗೊತ್ತಿಲ್ಲ’ ಎಂಬ ವರದಿ

ಜೀನಿನಲ್ಲಿ ಕಂಡ ಬದಲಾವಣೆಯನ್ನು ರೋಗಕಾರಕದಿಂದ ನಿರಪಾಯದವರೆಗೆ ಐದು ದರ್ಜೆಗಳಲ್ಲಿ ಇಡುತ್ತಾರೆ. ನಡುವಿನದು ವಿಯುಎಸ್, ಅಂದರೆ ಅರ್ಥ ಇನ್ನೂ ತಿಳಿಯದ ಬದಲಾವಣೆ. ನಮ್ಮವರ ವರದಿಗಳಲ್ಲಿ ಇದು ಪದೇ ಪದೇ ಕಾಣುವುದಕ್ಕೆ ಒಂದು ಕಾರಣ, ಹೋಲಿಕೆಗೆ ಇಟ್ಟುಕೊಂಡ ಜೀನೋಮ್‌ಗಳಲ್ಲಿ (ಒಬ್ಬರ ಪೂರ್ತಿ ಡಿಎನ್‌ಎ ಬರಹ) ಹೆಚ್ಚಿನವು ಯುರೋಪ್ ಮೂಲದವರವು. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿದ್ದು ಈ ಕೊರತೆ ತುಂಬಲಿಕ್ಕೇ. ಈ ದರ್ಜೆಗಳನ್ನು ಲ್ಯಾಬ್ ಬರೆದುಕೊಟ್ಟಂತೆ ಓದಿಬಿಡದೆ, ನೀವೇ ಪುರಾವೆ ಹುಡುಕಿ ತೂಗಿ ನೋಡುವುದನ್ನು ಎರಡನೇ ವರ್ಷದಲ್ಲಿ ರೂಢಿಸಿಕೊಳ್ಳಿ.

ಹೆಜ್ಜೆ 7: ಪದವಿಯ ನಂತರ

ಬೋರ್ಡ್ ಆಫ್ ಜೆನೆಟಿಕ್ ಕೌನ್ಸೆಲಿಂಗ್ ಇಂಡಿಯಾ ಪ್ರಮಾಣಪತ್ರ ಕೊಡುತ್ತದೆ. ಇದು ಸರ್ಕಾರಿ ಪರವಾನಗಿಯಲ್ಲ, ವೃತ್ತಿಯವರೇ ಕಟ್ಟಿಕೊಂಡ ಮಂಡಳಿ. ಆದರೂ ಮಾಡಿಕೊಳ್ಳಿ, ಅರ್ಜಿಗಳ ರಾಶಿಯಲ್ಲಿ ಎದ್ದು ಕಾಣುತ್ತದೆ.

ಹೊರದೇಶದ ಆಸೆ ಇದ್ದವರಿಗೆ ಒಂದು ಮಾತು. ಅಮೆರಿಕದಲ್ಲಿ ಬೋರ್ಡ್ ಪರೀಕ್ಷೆ ಬರೆಯಲು ಅಲ್ಲಿ ಮಾನ್ಯತೆ ಪಡೆದ ಕೋರ್ಸನ್ನೇ ಓದಿರಬೇಕು ಎಂಬುದು ಸಾಮಾನ್ಯ ನಿಯಮ. ಹಾಗಾಗಿ ಅಲ್ಲಿಗೇ ಹೋಗುವುದಾದರೆ ಇಲ್ಲೊಂದು, ಅಲ್ಲೊಂದು ಎಂದು ಎರಡು ಎಂ.ಎಸ್ಸಿ. ಮಾಡುವ ಲೆಕ್ಕಾಚಾರವನ್ನು ಮೊದಲೇ ಮಾಡಿ. ಬ್ರಿಟನ್‌ನಲ್ಲಿ ಎನ್‌ಎಚ್‌ಎಸ್‌ನ ಮೂರು ವರ್ಷದ ತರಬೇತಿಯಲ್ಲಿ ಓದಿನ ಜೊತೆ ಸಂಬಳವೂ ಸಿಗುತ್ತದೆ, ಪೈಪೋಟಿಯೂ ಅಷ್ಟೇ ಇದೆ.

ಇಲ್ಲಿ ಕೆಲಸ ಎರಡು ಕಡೆ. ಒಂದು ಆಸ್ಪತ್ರೆ, ಇನ್ನೊಂದು ಜೀನ್ ಪರೀಕ್ಷೆ ಮಾಡುವ ಕಂಪನಿ. ವಿರಳ ಕಾಯಿಲೆಗಳನ್ನು ಹತ್ತಿರದಿಂದ ನೋಡಬೇಕೆಂದರೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಜೊತೆಗೂಡಿ 2021ರ ರಾಷ್ಟ್ರೀಯ ನೀತಿಯಡಿ ಉತ್ಕೃಷ್ಟತಾ ಕೇಂದ್ರವಾಗಿರುವ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಅವಕಾಶ ವಿಚಾರಿಸಿ. ಕಂಪನಿಗಳಲ್ಲಿ ಕೆಲಸ ಬೇಗ ಸಿಗುತ್ತದೆ, ಕೇಸುಗಳೂ ಬಹಳ ಬರುತ್ತವೆ, ಕಲಿಕೆ ಚೆನ್ನಾಗಿಯೇ ಆಗುತ್ತದೆ. ಆದರೆ ಪರೀಕ್ಷೆ ಮಾರುವವರೇ ನಿಮ್ಮ ಸಂಬಳ ಕೊಡುವವರೂ ಆಗಿರುತ್ತಾರೆ. ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ ಎಚ್‌ಆರ್‌ನವರನ್ನು ಒಂದು ಮಾತು ಕೇಳಿ: ‘ಈ ಕುಟುಂಬಕ್ಕೆ ಯಾವ ಟೆಸ್ಟೂ ಬೇಕಿಲ್ಲ’ ಎಂದು ನಾನು ಬರೆದುಕೊಟ್ಟ ದಿನ, ಅದು ನನ್ನ ಕೆಲಸದ ಲೆಕ್ಕಕ್ಕೆ ಸೇರುತ್ತದೆಯೋ ಇಲ್ಲವೋ?