‘ಸಮ್‌ಬಡಿ ದಟ್ ಐ ಯೂಸ್ಡ್ ಟು ನೋ’ ಹಾಡನ್ನ ಹೇಗೆ ಕೇಳ್ಬೇಕು

ಗಾಯಕ ಗೊಟಿಯೆ ಅವರ ಈ ಹಾಡು 2011ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿ ಪ್ರಪಂಚ ಪೂರ್ತಿ ಸುತ್ತಿದ್ದು, ನೀವೂ ಎಲ್ಲೋ ಕೇಳೇ ಇರ್ತೀರ. ಆದ್ರೆ ತುಂಬಾ ಜನ ಇದನ್ನ ಕೈಕೊಟ್ಟು ಹೋದ ಹುಡುಗಿ ಬಗ್ಗೆ ಹುಡುಗನ ಗೋಳು ಅಂದ್ಕೊಂಡು ಅಲ್ಲಿಗೇ ಬಿಟ್ಬಿಡ್ತಾರೆ, ನಂಗೆ ಅದೇ ಬೇಜಾರು, ಯಾಕಂದ್ರೆ ಹಾಡಿನ ಜೀವ ಇರೋದು ಅವಳ ಮಾತಲ್ಲಿ.

ಮೊದಲು ಹೆಡ್‌ಫೋನ್ ಹಾಕ್ಕೊಂಡು ಬರೀ ಆಡಿಯೋ ಕೇಳಿ, ವಿಡಿಯೋ ಆಮೇಲೆ. ಶುರುವಲ್ಲಿ ಒಂದು ಪುಟ್ಟ ಗಿಟಾರ್ ತುಣುಕು ತಿರುಗ್ತಾನೇ ಇರುತ್ತಲ್ಲ, ಅದು ಬ್ರೆಜಿಲ್‌ನ ಗಿಟಾರ್ ವಾದಕ ಲೂಯಿಜ್ ಬೊನ್ಫಾ 1967ರಲ್ಲಿ ಮಾಡಿದ ‘ಸೆವಿಲ್’ನಿಂದ ತಗೊಂಡಿದ್ದು. ಅದರ ಮೇಲೆ ಬರೋ ಝೈಲೋಫೋನ್ (ಪಟ್ಟಿಗಳನ್ನ ಕೋಲಿಂದ ಬಡಿದು ನುಡಿಸೋ ವಾದ್ಯ) ಟ್ಯೂನ್ ಕೇಳಿ, ‘ಬಾ ಬಾ ಬ್ಲ್ಯಾಕ್ ಶೀಪ್’ ನೆನಪಾಗುತ್ತೆ. ಇಷ್ಟು ಮುಗ್ಧವಾದ ಸಂಗೀತದ ಮೇಲೆ ಅವನು ಮೆಲ್ಲಗೆ ದನಿ ತಗ್ಗಿಸಿ ಹಾಡೋದ್ರಿಂದ್ಲೇ ನಾವು ಅವನ ಮಾತನ್ನ ಪೂರ್ತಿ ನಂಬ್ಬಿಡ್ತೀವಿ.

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಪಲ್ಲವಿಗೂ ಮುಂಚಿನ ಚರಣಗಳಲ್ಲಿ ಅವನು ಏನ್ ಹೇಳ್ತಾನೆ? ಅವಳ ಜೊತೆ ಇದ್ದಾಗ್ಲೂ ಒಂಟಿತನ ಕಾಡ್ತಿತ್ತು, ಸಂಬಂಧ ಮುಗಿದಾಗ ನಿರಾಳ ಆಯ್ತು ಅಂತ. ಅದೇ ಮನುಷ್ಯ ಪಲ್ಲವಿ ಬಂದ ತಕ್ಷಣ ದನಿ ಏರಿಸಿ, ಫ್ರೆಂಡ್ಸ್ ಕಳ್ಸಿ ತನ್ನ ಹಾಡಿನ ರೆಕಾರ್ಡ್‌ಗಳನ್ನ ತರಿಸ್ಕೊಂಡ್ಳು, ಫೋನ್ ನಂಬರ್ ಬದಲಾಯಿಸಿದ್ಳು, ನನ್ನನ್ನ ಗುರುತೇ ಇಲ್ದೋರ ಥರ ಮಾಡಿದ್ಳು ಅಂತ ದೂರ್ತಾನೆ. ನಿರಾಳ ಆಗಿದ್ರೆ ಈ ಸಂಕಟ ಯಾಕೆ ಅಂತ ಕೇಳ್ಕೊಳ್ಳಿ.

ಸುಮಾರು ಎರಡೂವರೆ ನಿಮಿಷಕ್ಕೆ ನ್ಯೂಜಿಲೆಂಡಿನ ಗಾಯಕಿ ಕಿಂಬ್ರಾ ಆ ಹುಡುಗಿಯ ದನಿಯಾಗಿ ಬರ್ತಾರೆ. ನೀನು ಎಷ್ಟು ಸಲ ನನ್ನನ್ನ ನೋಯಿಸಿ ತಪ್ಪು ನನ್ನದೇ ಅಂತ ನಂಬಿಸಿದ್ದೆ ಅಂತ ಅವಳು ಕೇಳ್ತಾಳೆ, ಅಷ್ಟೇ, ಅಲ್ಲೀವರೆಗೆ ಕೇಳಿದ್ದೆಲ್ಲ ತಲೆಕೆಳಗಾಗುತ್ತೆ. ತಕ್ಷಣ ಹಾಡನ್ನ ಮತ್ತೆ ಮೊದಲಿಂದ ಹಾಕಿ, ಈ ಸಲ ಅವಳ ಕಿವಿಯಿಂದ ಕೇಳಿ. ಮೊದಲು ಕನಿಕರ ಹುಟ್ಟಿಸಿದ ಅದೇ ಸಾಲುಗಳು ಈಗ ಹಠ ಅನ್ಸುತ್ತೆ.

ಈಗ ವಿಡಿಯೋ ನೋಡಿ. ಇಬ್ರ ಮೈಮೇಲೂ ಹಿಂದಿನ ಗೋಡೆಯ ಚಿತ್ರಾನೇ ಬಳಿದಿರ್ತಾರೆ, ಕೊನೆಗೆ ಅವಳ ಬಣ್ಣ ಅಳಿಸಿಹೋಗುತ್ತೆ, ಅವನು ಮಾತ್ರ ಗೋಡೆಯಲ್ಲೇ ಉಳೀತಾನೆ.

ಗೆಲುವಂತೂ ದೊಡ್ಡದು, 2012ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ 8 ವಾರ ನಂಬರ್ ಒನ್, 2013ರಲ್ಲಿ ರೆಕಾರ್ಡ್ ಆಫ್ ದಿ ಇಯರ್ ಗ್ರ್ಯಾಮಿ. ಕೆನಡಾದ ವಾಕ್ ಆಫ್ ದಿ ಅರ್ಥ್ ತಂಡದ ಐದು ಜನ ಒಂದೇ ಗಿಟಾರ್ ನುಡಿಸ್ತಾ ಇದೇ ಹಾಡನ್ನ ತಮ್ಮ ಥರ ಹಾಡಿ ಮಾಡಿದ ಕವರ್ ಕೂಡ ಭಾರಿ ಓಡ್ತು. ಬ್ರೇಕಪ್ ಆದ ಇಬ್ರೂ, ಬಿಟ್ಟುಹೋದೋರೂ ಹಿಂದೆ ಉಳಿದೋರೂ, ಇದು ನಂದೇ ಕಥೆ ಅನ್ನೋ ಥರ ಇರೋದ್ರಿಂದ್ಲೇ ಇಷ್ಟು ದೂರ ಹೋಯ್ತು ಅಂತ ನನ್ನ ಗಟ್ಟಿ ಅಭಿಪ್ರಾಯ.

ಇಷ್ಟಾದ್ಮೇಲೆ ‘ಸೆವಿಲ್’ ಹಾಕಿ, ಆಮೇಲೆ 2025ರಲ್ಲಿ ಬಿಡುಗಡೆಯಾದ, ಅಮೆರಿಕದ ರ‍್ಯಾಪ್ ಗಾಯಕಿ ಡೋಚಿ ಅವರ ‘ಆಂಗ್ಸೈಟಿ’ ಹಾಕಿ. ಆ ಗಿಟಾರ್ ತುಣುಕು ಅಲ್ಲೂ ಸಿಗುತ್ತೆ, ಆದ್ರೆ ಅಲ್ಲಿ ಪ್ರೇಮಿ ಜೊತೆ ಜಗಳ ಇಲ್ಲ, ತನ್ನ ತಲೆಯೊಳಗಿನ ದಿಗಿಲಿನ ಜೊತೆ.